ದಿನಸಿ ಸಾಮಾನು: ಅಂಗಡಿಯ ಸ್ವಂತ ಬ್ರಾಂಡ್ ತರುವುದಾ, ಹೆಸರಾಂತ ಬ್ರಾಂಡ್ ತರುವುದಾ?

ಕಲ್ಯಾಣದ ಗೃಹಿಣಿ:

ಎಲ್ಲರಿಗೂ ನಮಸ್ಕಾರ. ನಾವು ಗದಗಿನವರು, ಈಗ ಕಲ್ಯಾಣ ಪಶ್ಚಿಮದಲ್ಲಿ ಇದ್ದೇವೆ. ಮನೆಯಲ್ಲಿ ಬಿಪಿ ಇರುವ ಅತ್ತೆ, ನಾವಿಬ್ಬರು, ಶಾಲೆಗೆ ಹೋಗುವ ಮಗಳು, ಇನ್ನೂ ವರ್ಷ ತುಂಬದ ಮಗ. ತಿಂಗಳ ದಿನಸಿ ಬಿಲ್ ನೋಡಿದರೆ ಎದೆ ಧಸಕ್ ಅನ್ನುತ್ತದೆ.

ಸೂಪರ್‌ಮಾರ್ಕೆಟ್‌ನಲ್ಲಿ ಒಂದೇ ಶೆಲ್ಫಿನ ಮೇಲೆ ಎರಡು ಪ್ಯಾಕೆಟ್ ಇರುತ್ತವೆ. ಒಂದು ಟಿವಿಯಲ್ಲಿ ಜಾಹೀರಾತು ಬರುವ ಕಂಪನಿಯದು. ಪಕ್ಕದಲ್ಲೇ ಆ ಅಂಗಡಿಯವರ ಸ್ವಂತ ಹೆಸರಿನದು, ಅಗ್ಗದ್ದು. ಅಂಗಡಿ ಹೆಸರಿನ ಬೇಳೆ ಅಂದರೆ ಅತ್ತೆಯವರಿಗೆ ನಂಬಿಕೆಯೇ ಇಲ್ಲ. ನಮ್ಮ ಯಜಮಾನರು "ಎಲ್ಲಾ ಒಂದೇ ಫ್ಯಾಕ್ಟರಿಯಲ್ಲಿ ಆಗುತ್ತೆ, ಸುಮ್ನೆ ಹೆಸರಿಗೆ ದುಡ್ಡು ಕೊಡಬೇಡ" ಅನ್ನುತ್ತಾರೆ. ಯಾರ ಮಾತು ಸರಿ? ಯಾವುದನ್ನು ಧೈರ್ಯವಾಗಿ ಬದಲಾಯಿಸಬಹುದು, ಯಾವುದನ್ನು ಮುಟ್ಟಬಾರದು? ಗೊತ್ತಿದ್ದವರು ಬಿಡಿಸಿ ಹೇಳಿ.

ಕೊತ್ರೂಡ್ ಧಾರವಾಡಿ:

ಇಬ್ಬರದೂ ಅರ್ಧ ಸರಿ ಅಕ್ಕಾ. ಪ್ಯಾಕೆಟ್‌ನ ಮುಂಭಾಗ ನೋಡಿ ತೀರ್ಮಾನ ಮಾಡುವುದನ್ನೇ ಬಿಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಾಮಾನು ಯಾವುದು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದು: ಒಳಗೆ ಒಂದೇ ಪದಾರ್ಥ ಇದೆಯಾ, ಅದನ್ನು ಕಣ್ಣಿನಿಂದ ನೋಡಿ ಗುರುತಿಸಬಹುದಾ? ಸಕ್ಕರೆ, ಅವಲಕ್ಕಿ, ಶೇಂಗಾ, ಸಾಬುದಾಣಿ, ಹೆಸರುಕಾಳು, ಕಡಲೆಬೇಳೆ, ಸಾಸಿವೆ, ಜೀರಿಗೆ. ಇವುಗಳಲ್ಲಿ ಅಂಗಡಿ ಬ್ರಾಂಡ್ ತರಲು ಹಿಂಜರಿಯಬೇಡಿ. ಪಾರದರ್ಶಕ ಪ್ಯಾಕೆಟ್ ಇರುತ್ತದೆ, ಬೆಳಕಿಗೆ ಹಿಡಿದು ನೋಡಿ. ಮುರಿದ ಕಾಳು, ಪುಡಿ, ಹುಳು ಹಿಡಿದ ಗುರುತು ಎಲ್ಲಾ ಕಾಣುತ್ತದೆ. ಡಿಮಾರ್ಟ್‌ನವರ ಪ್ರೀಮಿಯಾ ಆಗಲಿ, ರಿಲಯನ್ಸ್‌ನವರ ಗುಡ್ ಲೈಫ್ ಆಗಲಿ, ಬಿಗ್‌ಬಾಸ್ಕೆಟ್‌ನವರ ಬಿಬಿ ರಾಯಲ್ ಆಗಲಿ, ಕಾಳು ಕಾಳೇ.

ಹಲವು ಪದಾರ್ಥ ಬೆರೆತ ಸಾಮಾನಿಗೆ ಈ ಮಾತು ನಡೆಯುವುದಿಲ್ಲ. ಸಾಂಬಾರ್ ಪುಡಿ, ಚಹಾ, ಕಾಫಿ, ಉಪ್ಪಿನಕಾಯಿ, ಸಾಸ್. ಅಲ್ಲಿ ನಾವು ದುಡ್ಡು ಕೊಡುವುದು ಬೆರೆಸುವ ಕೈಗೆ. ಆ ಹದ ಅಂಗಡಿ ಬ್ರಾಂಡ್‌ನಲ್ಲಿ ಬಂದರೆ ಸರಿ, ಬರದಿದ್ದರೆ ಉಳಿಸಿದ ದುಡ್ಡು ಸಾರಿನ ಜೊತೆ ಹೋಗುತ್ತದೆ.

ಇನ್ನೊಂದು ವಿಷಯ, ಉಳಿತಾಯ ನಿಜವಾಗಿ ಎಲ್ಲಿದೆ ನೋಡಿ. ಉಪ್ಪಿನಲ್ಲಿ ಒಂದು ಕಿಲೋಗೆ ಸಿಗುವ ವ್ಯತ್ಯಾಸ ಚಿಲ್ಲರೆ ಕಾಸು, ತಿಂಗಳಿಗೆ ಬಳಸುವುದೂ ಅಷ್ಟಕ್ಕಷ್ಟೇ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗ್ಲೂಕೋಸ್ ಬಿಸ್ಕತ್ತಿನಲ್ಲಂತೂ ಹೆಸರಾಂತ ಕಂಪನಿಯದ್ದೇ ಎಷ್ಟು ಅಗ್ಗ ಅಂದರೆ ಅಂಗಡಿ ಬ್ರಾಂಡ್‌ಗೆ ಜಾಗವೇ ಇಲ್ಲ. ಅಕ್ಕಿ, ಗೋಧಿ ಹಿಟ್ಟು, ಬೇಳೆ, ಎಣ್ಣೆ, ಈ ನಾಲ್ಕೇ ಬಿಲ್ಲಿನ ಹೊಟ್ಟೆ ತುಂಬುವುದು. ಲೆಕ್ಕ ಅಲ್ಲಿಂದ ಶುರು ಮಾಡಿ.

ಮುಲುಂಡ್ ಕುಂದಾಪುರ:

ಸಾಂಬಾರ್ ಪುಡಿ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಎಂಟಿಆರ್ 1924 ರಲ್ಲಿ ಬೆಂಗಳೂರಲ್ಲಿ ಶುರುವಾದದ್ದು. 2007 ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡರೂ ಬಿಸಿಬೇಳೆಬಾತ್ ಪುಡಿಗೆ ನಮ್ಮ ಮನೆಯಲ್ಲಿ ಬೇರೆ ಹೆಸರು ಒಪ್ಪುವುದಿಲ್ಲ. ಇಲ್ಲಿನ ಅಂಗಡಿಗಳ ಸ್ವಂತ ಸಾಂಬಾರ್ ಮಸಾಲೆ ಮಹಾರಾಷ್ಟ್ರದ ನಾಲಿಗೆಗೆ ಮಾಡಿದ್ದು. ಕೆಟ್ಟದ್ದು ಅಂತಲ್ಲ, ನಮ್ಮದಲ್ಲ ಅಷ್ಟೇ.

ಕುಚ್ಚಲಕ್ಕಿ ವಿಷಯದಲ್ಲೂ ಹೀಗೇ. ದೊಡ್ಡ ಅಂಗಡಿಗಳ ಸ್ವಂತ ಬ್ರಾಂಡ್‌ನಲ್ಲಿ ಬಾಸ್ಮತಿ, ಕೋಲಂ, ಸೋನಾ ಮಸೂರಿ ಇರುತ್ತದೆ. ಕೆಂಪು ಕುಚ್ಚಲಕ್ಕಿಗೆ ಮಂಗಳೂರು ಕಡೆಯವರ ಅಂಗಡಿಗೇ ಹೋಗಬೇಕು.

ಪಿಂಪ್ರಿ ಪ್ಯಾಕಿಂಗ್:

"ಒಂದೇ ಫ್ಯಾಕ್ಟರಿ" ಮಾತಿಗೆ ಸ್ವಲ್ಪ ವಿವರ ಕೊಡುತ್ತೇನೆ. ನಾನು ಪಿಂಪ್ರಿ ಕಡೆಯ ಒಂದು ಆಹಾರ ಪ್ಯಾಕಿಂಗ್ ಘಟಕದಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಹೆಸರು ಬೇಡ.

ಬಹಳಷ್ಟು ಅಂಗಡಿಗಳಿಗೆ ಸ್ವಂತ ಕಾರ್ಖಾನೆ ಇರುವುದಿಲ್ಲ. ನಮ್ಮಂಥವರಿಂದ ಮಾಡಿಸಿಕೊಳ್ಳುತ್ತಾರೆ. ಹೆಸರಾಂತ ಕಂಪನಿಗಳೂ ಎಷ್ಟೋ ಸಲ ಹೀಗೇ ಮಾಡಿಸುತ್ತವೆ. ಆದ್ದರಿಂದ ಒಂದೇ ಸೂರಿನಡಿ ಎರಡೂ ತಯಾರಾಗುವುದು ಸುಳ್ಳಲ್ಲ. ಆದರೆ ಯಂತ್ರ ಒಂದೇ ಆದ ಮಾತ್ರಕ್ಕೆ ಮಾಲು ಒಂದೇ ಆಗುವುದಿಲ್ಲ. ಇದನ್ನು ದಯವಿಟ್ಟು ಗಮನಿಸಿ. ಪ್ರತಿ ಗ್ರಾಹಕ ಕಂಪನಿ ನಮಗೆ ಒಂದು ಕಾಗದ ಕೊಡುತ್ತದೆ. ತೇವಾಂಶ ಎಷ್ಟಿರಬೇಕು, ನುಚ್ಚು ನೂರಕ್ಕೆ ಎಷ್ಟು ಇದ್ದರೆ ನಡೆಯುತ್ತದೆ, ಬಣ್ಣ ಬದಲಾದ ಕಾಳು ಎಷ್ಟು, ಕೆಟ್ಟ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರದಲ್ಲಿ ಒಂದು ಸಲ ಹಾಯಿಸಬೇಕಾ ಎರಡು ಸಲವಾ. ಬೆಲೆ ನಿಗದಿಯಾಗುವುದು ಆ ಕಾಗದದ ಮೇಲೆ. ನುಚ್ಚು ಸ್ವಲ್ಪ ಜಾಸ್ತಿ ಇದ್ದರೂ ನಡೆಯುತ್ತೆ ಅಂದರೆ ದರ ಇಳಿಯುತ್ತದೆ. ಕೆಲವು ಅಂಗಡಿಗಳ ಕಾಗದ ದೊಡ್ಡ ಬ್ರಾಂಡ್‌ಗಳಿಗಿಂತ ಬಿಗಿ ಇರುವುದನ್ನೂ ನೋಡಿದ್ದೇನೆ. ಒಂದೇ ಅಂಗಡಿ ಎರಡು ಹೆಸರು ಇಟ್ಟುಕೊಂಡು ಎರಡು ದರ್ಜೆ ಮಾಡಿಸುವುದೂ ಇದೆ.

ಅಂಗಡಿ ಬ್ರಾಂಡ್ ಅಗ್ಗ ಆಗುವುದಕ್ಕೆ ಮುಖ್ಯ ಕಾರಣ ಮಾಲಿನ ಗುಣ ಅಲ್ಲ. ಜಾಹೀರಾತು ಖರ್ಚಿಲ್ಲ, ಊರೂರು ತಿರುಗುವ ಸೇಲ್ಸ್‌ಮನ್ ಇಲ್ಲ, ನಡುವೆ ವಿತರಕರ ಕಮಿಷನ್ ಇಲ್ಲ, ಶೆಲ್ಫಿನ ಜಾಗ ಅವರದ್ದೇ.

ನಮ್ಮ ಕಡೆಯಿಂದ ಒಂದು ಸಲಹೆ. ಅಂಗಡಿ ಬ್ರಾಂಡ್ ಪ್ಯಾಕೆಟ್ ಹಿಂದೆ ಎರಡು ಹೆಸರು ಇರುತ್ತವೆ, ಮಾರುವವರದ್ದು ಮತ್ತು ತಯಾರಿಸಿದವರದ್ದು. ತಯಾರಿಸಿದವರ ಹೆಸರು, ಊರು ನೋಡಿಟ್ಟುಕೊಳ್ಳಿ. ಟೆಂಡರ್ ಬದಲಾದರೆ ಮಿಲ್ ಬದಲಾಗುತ್ತದೆ. ಹೊರಗಿನ ಪ್ಯಾಕೆಟ್ ಅದೇ ಬಣ್ಣ, ಅದೇ ಹೆಸರು, ಒಳಗಿನ ಮಾಲು ಬೇರೆ. "ಹೋದ ತಿಂಗಳು ಚೆನ್ನಾಗಿತ್ತು, ಈ ತಿಂಗಳು ಬೇಳೆ ಬೇಯಲೇ ಇಲ್ಲ" ಅನ್ನುವ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ತಯಾರಕರ ಹೆಸರು ಬದಲಾಗಿದ್ದರೆ ಅರ್ಧ ಕಿಲೋ ಮಾತ್ರ ತಂದು ಬೇಯಿಸಿ ನೋಡಿ.

ಕಲ್ಯಾಣದ ಗೃಹಿಣಿ:

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಈಗಲೇ ಅಡುಗೆಮನೆಗೆ ಹೋಗಿ ನೋಡಿದೆ. ರವೆ ಪ್ಯಾಕೆಟ್ ಹಿಂದೆ ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಎರಡು ಇವೆ. ಯಾಕೆ ಎರಡು? ಅದರಿಂದ ಏನಾದರೂ ತಿಳಿಯುತ್ತದಾ?

ಪಿಂಪ್ರಿ ಪ್ಯಾಕಿಂಗ್:

ಒಂದು ಮಾರುವ ಕಂಪನಿಯದು, ಇನ್ನೊಂದು ತಯಾರಿಸಿದ ಘಟಕದ್ದು. ನಂಬರ್‌ನಲ್ಲಿ 14 ಅಂಕಿ ಇರುತ್ತವೆ. ಮೊದಲ ಅಂಕಿ 1 ಇದ್ದರೆ ಲೈಸೆನ್ಸ್, 2 ಇದ್ದರೆ ಸಣ್ಣ ವ್ಯಾಪಾರಿಯ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು. 15 ಇದ್ದರೆ ಮಹಾರಾಷ್ಟ್ರ, 12 ಇದ್ದರೆ ಕರ್ನಾಟಕ, 00 ಇದ್ದರೆ ಕೇಂದ್ರದ ಲೈಸೆನ್ಸ್. ಅದರ ನಂತರದ ಎರಡು ಅಂಕಿ ಲೈಸೆನ್ಸ್ ಕೊಟ್ಟ ವರ್ಷ. ಎಫ್ಎಸ್ಎಸ್ಎಐನ ಫೋಸ್‌ಕೋಸ್ ಜಾಲತಾಣದಲ್ಲಿ ಪೂರ್ತಿ ನಂಬರ್ ಹಾಕಿದರೆ ಯಾರದು, ಈಗಲೂ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ.

ನಂಬರ್ ಇದೆ ಅಂದರೆ ಮಾಲು ಉತ್ತಮ ಅಂತಲ್ಲ. ಹೊಣೆ ಯಾರದು ಅನ್ನುವುದು ತಿಳಿಯುತ್ತದೆ. ನಂಬರೇ ಇಲ್ಲದ ಪ್ಯಾಕೆಟ್ ಮಾತ್ರ ಮನೆಗೆ ತರಬೇಡಿ.

ಡೊಂಬಿವಲಿ ಲೆಕ್ಕ:

ಯಾರೂ ಗ್ರಾಂ ಲೆಕ್ಕ ಹೇಳಲಿಲ್ಲವಲ್ಲ! ಬ್ರಾಂಡ್ ಜಗಳಕ್ಕಿಂತ ಇದು ದೊಡ್ಡದು.

ಎಣ್ಣೆ ತಗೊಳ್ಳಿ. ಒಂದು ಲೀಟರ್ ಅಡುಗೆ ಎಣ್ಣೆಯ ತೂಕ ಸುಮಾರು 910 ಗ್ರಾಂ. ಈಗ ಅಂಗಡಿಯಲ್ಲಿ ಅದೇ ಗಾತ್ರದ ಪೌಚ್‌ನಲ್ಲಿ 840, 850, 870 ಗ್ರಾಂ ಇರುವುದೂ ಸಿಗುತ್ತವೆ. ಮೊದಲು ಬೇಳೆ, ಎಣ್ಣೆ, ಬಿಸ್ಕತ್ತಿಗೆಲ್ಲ ಇಂತಿಷ್ಟೇ ತೂಕದಲ್ಲಿ ಪ್ಯಾಕ್ ಮಾಡಬೇಕು ಅನ್ನುವ ನಿಯಮ ಇತ್ತು. ಅದನ್ನು ತೆಗೆದ ಮೇಲೆ ಯಾರು ಎಷ್ಟು ಬೇಕಾದರೂ ತುಂಬಬಹುದು, ಬರೆದಿದ್ದರೆ ಸಾಕು. 840 ಗ್ರಾಂ ಅಂದರೆ ಸುಮಾರು 923 ಮಿಲಿ. ಲೀಟರ್ ಅಂದುಕೊಂಡು ತಂದವರಿಗೆ ಪ್ರತಿ ಪೌಚ್‌ನಲ್ಲಿ 77 ಮಿಲಿ ಕಡಿಮೆ. "ಐದು ರೂಪಾಯಿ ಅಗ್ಗ" ಅನ್ನುವ ಪೌಚ್ ನಿಜಕ್ಕೂ ದುಬಾರಿ ಆಗಿರಬಹುದು. ಇದನ್ನು ಹೆಸರಾಂತ ಕಂಪನಿಗಳೂ ಮಾಡುತ್ತವೆ, ಅಂಗಡಿ ಬ್ರಾಂಡ್‌ಗಳೂ ಮಾಡುತ್ತವೆ.

ಇದಕ್ಕೆ ಮದ್ದು ಪ್ಯಾಕೆಟ್ ಮೇಲೆಯೇ ಇದೆ. 2024 ರ ಜನವರಿ 1 ರಿಂದ ಎಂಆರ್‌ಪಿ ಜೊತೆ ಯುನಿಟ್ ಸೇಲ್ ಪ್ರೈಸ್ ಹಾಕುವುದು ಕಡ್ಡಾಯ. ಒಂದು ಕಿಲೋಗಿಂತ ಕಡಿಮೆ ಇರುವ ಪ್ಯಾಕೆಟ್‌ಗೆ ಪ್ರತಿ ಗ್ರಾಂ ದರ, ಜಾಸ್ತಿ ಇರುವುದಕ್ಕೆ ಪ್ರತಿ ಕಿಲೋ ದರ. ಅರ್ಧ ಕಿಲೋ ಪ್ಯಾಕೆಟ್ ಮೇಲೆ ₹0.18 ಅಂತ ಇದ್ದರೆ ಸಾವಿರದಿಂದ ಗುಣಿಸಿ, ಕಿಲೋಗೆ ₹180 ಆಯಿತು. ಆಮೇಲೆ ಐದು ಕಿಲೋ ಚೀಲದ ದರದ ಜೊತೆ ಹೋಲಿಸಿ.

ಒಂದೇ ಎಚ್ಚರಿಕೆ. ಆ ದರ ಎಂಆರ್‌ಪಿಯ ಲೆಕ್ಕದ್ದು. ಅಂಗಡಿಯವರ ಸ್ವಂತ ಬ್ರಾಂಡ್‌ನಲ್ಲಿ ಎಂಆರ್‌ಪಿ ಎತ್ತರ ಇಟ್ಟು "ಅರ್ಧ ಬೆಲೆ" ಅಂತ ದೊಡ್ಡ ಹಳದಿ ಚೀಟಿ ಅಂಟಿಸುವುದು ಮಾಮೂಲು. ಕಡಿತ ಎಷ್ಟು ಅಂತ ನೋಡಬೇಡಿ. ಕೈಯಿಂದ ಹೋಗುವ ದುಡ್ಡನ್ನು ತೂಕದಿಂದ ಭಾಗಿಸಿ, ಅದೊಂದೇ ಸಂಖ್ಯೆ ನಂಬಿ.

ವಾಶಿ ದಾಣಾಬಂದರ್:

ಮೂರನೇ ದಾರಿ ಮರೆತಿದ್ದೀರಿ. ಗೋಣಿಚೀಲದಿಂದ ಅಳೆದು ಕೊಡುವ ಕಿರಾಣಿ ಅಂಗಡಿ. ನಾನು ವಾಶಿಯ ಎಪಿಎಂಸಿ ಧಾನ್ಯ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುತ್ತೇನೆ. ಮಸೀದಿ ಬಂದರಿನಿಂದ ಮಾರುಕಟ್ಟೆ ಇಲ್ಲಿಗೆ ಬಂದು ಎಷ್ಟೋ ವರ್ಷ ಆದರೂ ಮಂದಿ ಇವತ್ತಿಗೂ ದಾಣಾಬಂದರ್ ಅಂತಲೇ ಕರೆಯುತ್ತಾರೆ.

ತೆರಿಗೆ ಲೆಕ್ಕ ಕೇಳಿ. 2022 ರ ಜುಲೈ 18 ಕ್ಕೂ ಮೊದಲು ನೋಂದಾಯಿತ ಬ್ರಾಂಡ್‌ನ ಅಕ್ಕಿ, ಬೇಳೆ, ಹಿಟ್ಟಿಗೆ ಮಾತ್ರ ಶೇಕಡಾ 5 ಜಿಎಸ್‌ಟಿ ಇತ್ತು. ಆ ದಿನದಿಂದ ಬ್ರಾಂಡ್ ಇರಲಿ ಇಲ್ಲದಿರಲಿ, 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಎಲ್ಲದಕ್ಕೂ ಶೇಕಡಾ 5 ಬಂತು. ಹಾಗಾಗಿ ಅಂಗಡಿ ಬ್ರಾಂಡ್‌ಗೂ ಹೆಸರಾಂತ ಬ್ರಾಂಡ್‌ಗೂ ತೆರಿಗೆಯಲ್ಲಿ ವ್ಯತ್ಯಾಸ ಇಲ್ಲ. ಚೀಲದಿಂದ ತೂಗಿ ಕೊಡುವ ಬಿಡಿ ಧಾನ್ಯಕ್ಕೆ ತೆರಿಗೆ ಇಲ್ಲ. ಅಕ್ಕಿ ಮಿಲ್‌ಗಳು 26 ಕಿಲೋ ಚೀಲ ತಂದದ್ದೂ ಇದೇ ಕಾರಣಕ್ಕೆ. 25 ದಾಟಿದರೆ ತೆರಿಗೆ ಬೀಳುವುದಿಲ್ಲ. ಗಂಗಾವತಿ, ರಾಯಚೂರು ಕಡೆಯ ಸೋನಾ ಮಸೂರಿ 26 ಕಿಲೋ ಚೀಲ ಇಲ್ಲಿ ಸಿಗುತ್ತದೆ. ಎರಡು ಮನೆಯವರು ಹಂಚಿಕೊಂಡರೆ ಯಾವ ಬ್ರಾಂಡ್ ಪ್ಯಾಕೆಟ್ಟೂ ಅದರ ಹತ್ತಿರ ಬರುವುದಿಲ್ಲ.

ಬಿಡಿ ಸಾಮಾನಿನಲ್ಲಿ ಎರಡಕ್ಕೆ ಮಾತ್ರ ಬೇಡ ಅನ್ನುತ್ತೇನೆ. ಬಿಡಿ ಎಣ್ಣೆ ಮಾರುವುದೇ ಕಾನೂನಿನ ಪ್ರಕಾರ ತಪ್ಪು. ಬಿಡಿ ಅರಿಶಿನ ಪುಡಿ, ಖಾರದ ಪುಡಿಯಲ್ಲಿ ಬಣ್ಣ ಬೆರೆಸಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಮುಂಬೈ ತೇವಕ್ಕೆ ಕಾಳು ಬೇಗ ಹುಳ ಹಿಡಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ವಲ್ಪ ಸ್ವಲ್ಪವೇ ತನ್ನಿ.

ಠಾಣೆ ಪಶ್ಚಿಮ:

ಅತ್ತೆಯವರಿಗೆ ಒಂದು ಮಾತು ಗೌರವದಿಂದ ಹೇಳಬೇಕು. ದೊಡ್ಡ ಹೆಸರು ಅಂದರೆ ಸುರಕ್ಷಿತ ಅನ್ನುವುದನ್ನು ನಾನು ಒಪ್ಪುವುದಿಲ್ಲ. 2024 ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ನಮ್ಮ ಎರಡು ದೊಡ್ಡ ಮಸಾಲೆ ಕಂಪನಿಗಳ ಕೆಲವು ಪ್ಯಾಕೆಟ್‌ಗಳ ಮಾರಾಟ ನಿಲ್ಲಿಸಿತು. ಕೀಟ, ಸೂಕ್ಷ್ಮಜೀವಿ ಕೊಲ್ಲಲು ಬಳಸುವ ಎಥಿಲೀನ್ ಆಕ್ಸೈಡ್ ಅನ್ನುವ ರಾಸಾಯನಿಕ ಸಿಕ್ಕಿತು ಅನ್ನುವುದು ಕಾರಣ. ಸಿಂಗಾಪುರವೂ ಒಂದು ಮಸಾಲೆ ಹಿಂದಕ್ಕೆ ತರಿಸಿತು. ಹೆಸರು ಹಳೆಯದು, ಜಾಹೀರಾತು ಮನೆಮನೆಗೂ ಗೊತ್ತು. ಅದರಿಂದ ಏನು ಉಪಯೋಗ ಆಯಿತು?

ಮುಲುಂಡ್ ಕುಂದಾಪುರ:

ಆ ಸುದ್ದಿಯ ಉಳಿದ ಭಾಗವನ್ನೂ ಹೇಳಬೇಕು. ಆಮೇಲೆ ಎಫ್ಎಸ್ಎಸ್ಎಐ ದೇಶದಲ್ಲಿ ಮಾದರಿ ತೆಗೆದು ಪರೀಕ್ಷೆ ಮಾಡಿಸಿ, ಆ ಎರಡು ಬ್ರಾಂಡ್‌ಗಳಲ್ಲಿ ಎಥಿಲೀನ್ ಆಕ್ಸೈಡ್ ಸಿಗಲಿಲ್ಲ ಅಂದಿತು. 2015 ರ ಮ್ಯಾಗಿ ವಿಷಯ ನೆನಪಿದೆಯಲ್ಲ? ಜೂನ್‌ನಲ್ಲಿ ನಿಷೇಧ, ಆಗಸ್ಟ್‌ನಲ್ಲಿ ನಮ್ಮ ಬಾಂಬೆ ಹೈಕೋರ್ಟೇ ಅದನ್ನು ರದ್ದು ಮಾಡಿತು. ಪರೀಕ್ಷೆ ಮಾಡಿದ ಲ್ಯಾಬ್‌ಗಳಿಗೆ ಮಾನ್ಯತೆ ಇರಲಿಲ್ಲ ಅನ್ನುವುದು ಒಂದು ಮುಖ್ಯ ಕಾರಣ. ಹೆಸರಾಂತ ಬ್ರಾಂಡ್ ಮೇಲೆ ಎಲ್ಲರ ಕಣ್ಣು ಇರುತ್ತದೆ, ತಪ್ಪಾದರೆ ಊರಿಗೆಲ್ಲ ತಿಳಿಯುತ್ತದೆ. ಅಂಗಡಿ ಬ್ರಾಂಡ್‌ನ ಮಸಾಲೆ ಮೇಲೆ ಅಷ್ಟು ಕಣ್ಣು ಯಾರು ಇಡುತ್ತಾರೆ?

ಠಾಣೆ ಪಶ್ಚಿಮ:

ಕಣ್ಣು ಇಡುವುದು ಇಲಾಖೆಯ ಕೆಲಸ, ಅದು ಇಬ್ಬರಿಗೂ ಒಂದೇ ಕಾನೂನು. ಎಣ್ಣೆ, ವನಸ್ಪತಿಯಲ್ಲಿ ಟ್ರಾನ್ಸ್ ಫ್ಯಾಟ್ (ಹೃದಯಕ್ಕೆ ಕೆಟ್ಟ ಕೊಬ್ಬು) 2022 ರ ಜನವರಿಯಿಂದ ಶೇಕಡಾ 2 ದಾಟಬಾರದು ಅಂದರೆ ಎರಡೂ ದಾಟಬಾರದು. ಜಾಮ್‌ನಲ್ಲಿ ಹಣ್ಣು ಸಾಮಾನ್ಯವಾಗಿ ಶೇಕಡಾ 45 ಇರಬೇಕು ಅಂದರೆ ಎರಡರಲ್ಲೂ ಇರಬೇಕು. ಅಂಗಡಿಯವರಿಗೂ ಕಳೆದುಕೊಳ್ಳಲು ಇದೆ. ಒಂದು ಪ್ಯಾಕೆಟ್ ಕೆಟ್ಟರೆ ಗ್ರಾಹಕರು ಆ ಬೇಳೆ ಬಿಡುವುದಿಲ್ಲ, ಆ ಅಂಗಡಿಯನ್ನೇ ಬಿಡುತ್ತಾರೆ.

ಆದರೂ ಮಸಾಲೆ ಪುಡಿಯಲ್ಲಿ ನಾನು ಎರಡನ್ನೂ ತರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ತಂದು ಲಾಲ್‌ಬಾಗ್‌ನ ಮಸಾಲೆ ಗಲ್ಲಿಯಲ್ಲಿ ಕಣ್ಣೆದುರೇ ಕುಟ್ಟಿಸುತ್ತೇವೆ. ನಮ್ಮ ಹಾವೇರಿ ಕಡೆಯ ಮೆಣಸಿನಕಾಯಿ, 2011 ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದು. ಬಣ್ಣ ಗಾಢ, ಖಾರ ಕಡಿಮೆ. ಬೇಸಿಗೆಯಲ್ಲಿ ಬಿಸಿಲಿಗೆ ಒಣಗಿಸಿ ಕುಟ್ಟಿಸಿದರೆ ವರ್ಷ ಪೂರ್ತಿ ಬರುತ್ತದೆ. ಬ್ರಾಂಡ್ ಪ್ರಶ್ನೆಯೇ ಏಳುವುದಿಲ್ಲ.

ಮಾಟುಂಗಾ ಹಳಬ:

ಈ ಊರಿನಲ್ಲಿ ಈ ಪ್ರಶ್ನೆಗೆ ಹಿಂದಿನವರು ಕಂಡುಕೊಂಡ ಉತ್ತರ ಒಂದಿದೆ, ಅದನ್ನು ಹೊಸಬರು ತಿಳಿಯಬೇಕು ಅನ್ನುವುದು ನನ್ನ ಆಸೆ. ಸೂಪರ್‌ಮಾರ್ಕೆಟ್ ಅನ್ನುವ ಮಾತು ಬರುವುದಕ್ಕಿಂತ ಎಷ್ಟೋ ಮೊದಲು, 1948 ರಲ್ಲಿ, ನಾಯಗಾಂವ್‌ನ ಗಿರಣಿ ಕಾರ್ಮಿಕರು ಸೇರಿ ಅಪ್ನಾ ಬಜಾರ್ ಸಹಕಾರಿ ಕಟ್ಟಿದರು. ಕಲಬೆರಕೆ ಇಲ್ಲದ ಮಾಲು, ನ್ಯಾಯದ ತೂಕ, ಇಷ್ಟೇ ಅವರ ಬೇಡಿಕೆ. 1975 ರಲ್ಲಿ ಮುಂಬೈ ಗ್ರಾಹಕ ಪಂಚಾಯತ್ ಶುರುವಾಯಿತು. ಅದರ ಪದ್ಧತಿ ನನಗೆ ಬಹಳ ಮೆಚ್ಚುಗೆ. ಅಕ್ಕಪಕ್ಕದ ಮನೆಗಳು ಸೇರಿ ಒಂದು ಗುಂಪು ಮಾಡಿಕೊಳ್ಳುತ್ತಾರೆ. ಬೇಕಾದ ಸಾಮಾನಿನ ಪಟ್ಟಿ ಮುಂಚೆಯೇ ಕೊಡುತ್ತಾರೆ. ಪಂಚಾಯತ್ ಸಗಟಿನಲ್ಲಿ ಖರೀದಿಸಿ, ಪರೀಕ್ಷಿಸಿ, ಗುಂಪಿನ ಒಬ್ಬರ ಮನೆಗೆ ತಂದಿಳಿಸುತ್ತದೆ. ಅಲ್ಲಿ ಸದಸ್ಯರೇ ಕೂತು ಹಂಚಿಕೊಳ್ಳುತ್ತಾರೆ. ಜಾಹೀರಾತು ಇಲ್ಲ, ಎಸಿ ಇಲ್ಲ, ಲಾಭದ ಆಸೆ ಇಲ್ಲ.

ನನ್ನ ಕಣ್ಣಿನಲ್ಲಿ ಅದೇ ನಿಜವಾದ ಸ್ವಂತ ಬ್ರಾಂಡ್, ಯಾಕೆಂದರೆ ಅಲ್ಲಿ ಕೊಳ್ಳುವವರೂ ಮಾರುವವರೂ ಒಬ್ಬರೇ. ಕಲ್ಯಾಣದ ಅಕ್ಕಾ, ನಿಮ್ಮ ಸೊಸೈಟಿಯಲ್ಲಿ ಅಥವಾ ಹತ್ತಿರದಲ್ಲಿ ಗುಂಪು ಇದೆಯಾ ವಿಚಾರಿಸಿ.

ದೊಡ್ಡ ಅಂಗಡಿಯ ಬ್ರಾಂಡ್‌ಗಳಿಗೆ ಮನಸ್ಸು ಕೊಟ್ಟು ಕೂರಬೇಡಿ ಅನ್ನುವುದಕ್ಕೂ ಕಾರಣ ಇದೆ. ಬಿಗ್ ಬಜಾರ್‌ನ ಟೇಸ್ಟಿ ಟ್ರೀಟ್, ಗೋಲ್ಡನ್ ಹಾರ್ವೆಸ್ಟ್ ಒಂದು ಕಾಲಕ್ಕೆ ಪ್ರತಿ ಮನೆಯಲ್ಲಿ ಇರುತ್ತಿದ್ದವು. 2022 ರಲ್ಲಿ ಅಂಗಡಿಗಳು ಮುಚ್ಚಿದವು, ಆ ಪ್ಯಾಕೆಟ್‌ಗಳೂ ಆ ಶೆಲ್ಫಿನಿಂದ ಹೋದವು.

ಮಡಗಾಂವ್ ಬಾಗಲಕೋಟೆ:

ಗೋವಾದಲ್ಲಿ ಇನ್ನೂ ಸಹಕಾರಿಯೇ ಗಟ್ಟಿ. ನಾವು ಗೋವಾ ಬಾಗಾಯತದಾರ ಸಂಸ್ಥೆಯ ಅಂಗಡಿಗೆ ಹೋಗುತ್ತೇವೆ. ತೋಟದ ರೈತರ ಸಹಕಾರಿ ಅದು, ಅಡಿಕೆ, ತೆಂಗು, ಗೇರು ಬೆಳೆಯುವವರದ್ದು. ಕೊಬ್ಬರಿ ಎಣ್ಣೆ, ಕೋಕಂ, ಗೇರುಬೀಜ ಅಲ್ಲಿಂದಲೇ ತರುತ್ತೇವೆ. ಇಲ್ಲಿನವರ ಉಕಡೆ ಅಕ್ಕಿ ನಮ್ಮ ಕರಾವಳಿಯ ಕುಚ್ಚಲಕ್ಕಿಯ ಅಕ್ಕತಂಗಿ, ಮುಲುಂಡ್‌ನವರು ಬಂದಾಗ ಒಯ್ಯಿರಿ.

ತರಕಾರಿಗೆ ಸರ್ಕಾರದ ತೋಟಗಾರಿಕೆ ನಿಗಮದ ಗಾಡಿಗಳು ಊರೂರಲ್ಲಿ ಇವೆ. ಅಲ್ಲಿ ಬರುವ ಎಷ್ಟೋ ತರಕಾರಿ ಚೋರ್ಲಾ ಘಾಟ್ ಇಳಿದು ಬೆಳಗಾವಿಯಿಂದಲೇ ಬರುತ್ತದೆ. ಜೋಳದ ಹಿಟ್ಟು ಮಾತ್ರ ಯಾವ ಬ್ರಾಂಡ್‌ನದ್ದೂ ನಮಗೆ ಆಗಿಬರುವುದಿಲ್ಲ. ಹಳೆಯ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಬರುವುದಿಲ್ಲ, ಹರಿಯುತ್ತದೆ. ಜೋಳ ತಂದು ಗಿರಣಿಯಲ್ಲಿ ಬೀಸಿಸಬೇಕು, ವಾರದೊಳಗೆ ಮುಗಿಸಬೇಕು.

ಕೊತ್ರೂಡ್ ಧಾರವಾಡಿ:

ಜೋಳದ ಹಿಟ್ಟಿನ ಮಾತು ಬಂಗಾರದಂಥದ್ದು. ಗೋಧಿಗೂ ಹೀಗೇ ಮಾಡಿ ನೋಡಿ. ಪುಣೆ, ಮುಂಬೈಯಲ್ಲಿ ಇನ್ನೂ ಪ್ರತಿ ಪೇಟೆಯಲ್ಲೂ ಹಿಟ್ಟಿನ ಗಿರಣಿ ಉಳಿದಿದೆ. ಇದು ಇಲ್ಲಿ ಇರುವವರ ಭಾಗ್ಯ.

ಬೇಳೆ ಬಗ್ಗೆ ಹೇಳುವುದು ಉಳಿದಿತ್ತು. ತೊಗರಿಬೇಳೆಯಲ್ಲಿ ಬ್ರಾಂಡ್‌ಗಿಂತ ಎರಡು ವಿಷಯ ಮುಖ್ಯ. ಪಾಲಿಶ್ ಮಾಡಿದ್ದಾ ಅಲ್ಲವಾ, ಬೆಳೆ ಹೊಸದಾ ಹಳೆಯದಾ. ನೀರು, ಎಣ್ಣೆ ಸವರಿ ಉಜ್ಜಿದ ಬೇಳೆ ಫಳಫಳ ಹೊಳೆಯುತ್ತದೆ. ಪಾಲಿಶ್ ಇಲ್ಲದ್ದು ಮಬ್ಬಾಗಿ, ಸ್ವಲ್ಪ ಧೂಳು ಧೂಳಾಗಿ ಕಾಣುತ್ತದೆ. ಮಬ್ಬಾದದ್ದನ್ನೇ ತನ್ನಿ. ಕಲಬುರಗಿ ತೊಗರಿಗೆ 2019 ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಬೇಗ ಬೇಯುತ್ತದೆ, ರುಚಿ ಬೇರೆ. ಸಂಕ್ರಾಂತಿಯ ಹೊತ್ತಿಗೆ ಹೊಸ ಮಾಲು ಮಾರುಕಟ್ಟೆಗೆ ಬರುತ್ತದೆ. ಪುಣೆಯಲ್ಲಿದ್ದರೆ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನಲ್ಲಿ ಕೇಳಿ.

ಬೆಲ್ಲ ಹಾಗೇ. ತೀರಾ ಹಳದಿಯಾಗಿ ಹೊಳೆಯುವ ಬೆಲ್ಲದಲ್ಲಿ ಬಣ್ಣ ತಿಳಿ ಮಾಡುವ ರಾಸಾಯನಿಕ ಬಿದ್ದಿರುವ ಸಂಭವ ಜಾಸ್ತಿ. ಕಂದು ಬಣ್ಣದ್ದು ಯಾವ ಹೆಸರಿನದಾದರೂ ಸರಿ.

ಕಲ್ಯಾಣದ ಗೃಹಿಣಿ:

ಎಲ್ಲರಿಗೂ ಕೈಮುಗಿದೆ. ಅತ್ತೆಯವರಿಗೆ ಪೂರ್ತಿ ಓದಿ ಹೇಳಿದೆ. ತಯಾರಕರ ಹೆಸರು ನೋಡುವ ವಿಷಯ ಅವರಿಗೆ ಹಿಡಿಸಿತು. ಮಗುವಿನ ಆಹಾರ, ಅವರ ಉಪ್ಪು, ತುಪ್ಪ, ಇವಕ್ಕೆ ಏನು ಮಾಡಲಿ?

ಪನವೇಲ್ ತಾಯಿ:

ಮಗುವಿನ ವಿಷಯದಲ್ಲಿ ಉಳಿತಾಯದ ಲೆಕ್ಕ ಬೇಡ. ಮಕ್ಕಳ ಡಾಕ್ಟರ್ ಹೇಳಿದ ಹಾಲಿನ ಪುಡಿ ಇದ್ದರೆ ಅದನ್ನೇ ಮುಂದುವರಿಸಿ, ನಡುವೆ ಬದಲಾಯಿಸಬೇಡಿ. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಮಾಡುವುದನ್ನೇ ನಮ್ಮ ದೇಶದಲ್ಲಿ ಕಾನೂನು ನಿಷೇಧಿಸಿದೆ. ಘನ ಆಹಾರಕ್ಕಾದರೆ ಮನೆಯಲ್ಲೇ ಮಾಡುವ 'ರಾಗಿ ಸರಿ' (ರಾಗಿ ಗಂಜಿ) ಇದೆ. ರಾಗಿ ಒಂದೇ ಪದಾರ್ಥ, ಅಂಗಡಿ ಬ್ರಾಂಡ್ ರಾಗಿ ತಂದು ಮನೆಯಲ್ಲೇ ಮೊಳಕೆ ಕಟ್ಟಿ ಒಣಗಿಸಿ ಬೀಸಿಸಿ.

ಉಪ್ಪು ಅಯೋಡಿನ್ ಇರುವುದು ಯಾವುದಾದರೂ ಸರಿ. "ಕಡಿಮೆ ಸೋಡಿಯಂ" ಉಪ್ಪು ತರುವ ಮುಂಚೆ ಮಾತ್ರ ಅತ್ತೆಯವರ ಡಾಕ್ಟರ್‌ಗೆ ಕೇಳಲೇಬೇಕು. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿರುತ್ತಾರೆ. ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಇಲ್ಲಿ ಬ್ರಾಂಡ್ ಯಾವುದು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ತುಪ್ಪ ನಾನು ಹಾಲಿನ ಸಹಕಾರಿಗಳದ್ದೇ ತರುತ್ತೇನೆ. ನಂದಿನಿ ಇಲ್ಲಿಯೂ ಸಿಗುತ್ತದೆ, ಗೋಕುಲ್ ಇದೆ, ಅಮುಲ್ ಇದೆ. ಹಾಲು ಸಂಗ್ರಹಿಸುವವರೇ ತುಪ್ಪ ಕಾಯಿಸುವಾಗ ನಡುವೆ ಕೈ ಬದಲಾಗುವುದು ಕಡಿಮೆ. 2025 ರ ಸೆಪ್ಟೆಂಬರ್ 22 ರಿಂದ ತುಪ್ಪದ ಜಿಎಸ್‌ಟಿ 12 ರಿಂದ 5 ಕ್ಕೆ ಇಳಿದಿದೆ. ಬಿಸ್ಕತ್ತು 18 ರಿಂದ 5 ಕ್ಕೆ.

ಡೊಂಬಿವಲಿ ಲೆಕ್ಕ:

ಅಡುಗೆಗೆ ಸಂಬಂಧ ಇಲ್ಲದ ಸಾಮಾನು ಮರೆಯಬೇಡಿ. ಫಿನಾಯಿಲ್, ಕಸದ ಚೀಲ, ಟಿಶ್ಯೂ, ಅಲ್ಯೂಮಿನಿಯಂ ಫಾಯಿಲ್ ಕಣ್ಣುಮುಚ್ಚಿ ಅಂಗಡಿ ಬ್ರಾಂಡ್ ತನ್ನಿ. ಬಟ್ಟೆ ಸೋಪಿನ ಪುಡಿಗೆ ಮಾತ್ರ ಚಮಚದ ಲೆಕ್ಕ ಇಡಿ. ಒಂದು ಚಮಚ ಸಾಕಾಗುವ ಕಡೆ ಎರಡು ಬೇಕಾದರೆ ಉಳಿತಾಯ ಇಲ್ಲ.

ಪಿಂಪ್ರಿ ಪ್ಯಾಕಿಂಗ್:

ಯಾವ ಬ್ರಾಂಡ್‌ನದೇ ಆಗಲಿ, ಮಾಲು ಕೆಟ್ಟಿದ್ದರೆ ಪ್ಯಾಕೆಟ್ ಎಸೆಯಬೇಡಿ. ಬ್ಯಾಚ್ ನಂಬರ್ ಇರುವ ಕಡೆ ಫೋಟೋ ತೆಗೆಯಿರಿ, ಬಿಲ್ ಇಟ್ಟುಕೊಳ್ಳಿ. ಮೊದಲು ಅಂಗಡಿಗೆ ಹೇಳಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬ್ಯಾಚ್ ನಂಬರ್ ಇಲ್ಲದೆ ಬಂದ ದೂರಿನಿಂದ ನಮ್ಮಂಥವರು ಏನನ್ನೂ ಹುಡುಕಲು ಆಗುವುದಿಲ್ಲ. ಅದಿದ್ದರೆ ಯಾವ ದಿನ, ಯಾವ ಯಂತ್ರ, ಯಾವ ಲಾಟ್ ಅಂತ ಹಿಂದಕ್ಕೆ ಹೋಗಬಹುದು.

ಕಲ್ಯಾಣದ ಗೃಹಿಣಿ:

ಆಗಲಿ. ಈ ತಿಂಗಳು ಸಕ್ಕರೆ, ಶೇಂಗಾ, ಅವಲಕ್ಕಿ, ಕಡಲೆಬೇಳೆ ಅಂಗಡಿ ಬ್ರಾಂಡ್ ತರುತ್ತೇನೆ. ಅಕ್ಕಿ ಚೀಲ ಪಕ್ಕದ ಮನೆಯವರ ಜೊತೆ ಹಂಚಿಕೊಳ್ಳುವ ಮಾತಾಗಿದೆ. ಕೊನೆಯದಾಗಿ ಒಂದು. ಬನ್ಸಿ ರವೆ ಇಲ್ಲಿ ಯಾವ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತಿಲ್ಲ. ಬಾರೀಕ್ (ಸಣ್ಣ) ರವೆ, ಜಾಡಾ (ದಪ್ಪ) ರವೆ ಅಂತ ಎರಡೇ ಕೊಡುತ್ತಾರೆ. ಉಪ್ಪಿಟ್ಟು ಮುದ್ದೆಯಾಗುತ್ತದೆ.

ಮಾಟುಂಗಾ ಹಳಬ:

ಮಾಟುಂಗಾ ಸೆಂಟ್ರಲ್ ಲೈನ್ ಸ್ಟೇಷನ್ ಇಳಿದು ಪೂರ್ವಕ್ಕೆ ಬನ್ನಿ. ಮಾರುಕಟ್ಟೆಯ ಸುತ್ತ ದಕ್ಷಿಣದ ಸಾಮಾನು ಮಾರುವ ಅಂಗಡಿಗಳಿವೆ, ಅಲ್ಲಿ ಕೇಳಿ. ಬನ್ಸಿ ಆಗುವುದು ಡುರಮ್ ಅನ್ನುವ ಗಟ್ಟಿ ಗೋಧಿಯಿಂದ, ಪ್ಯಾಕೆಟ್ ಹಿಂದೆ ಡುರಮ್ ಗೋಧಿ ಅಂತ ಬರೆದಿರಬೇಕು, ರವೆ ನಸುಹಳದಿ ಇರಬೇಕು. ಬೆಳ್ಳಗೆ ಇದ್ದರೆ ಹೆಸರು ಬನ್ಸಿ ಅಂತ ಇದ್ದರೂ ಬಿಟ್ಟುಬಿಡಿ. ಬರುವಾಗ ದೊಡ್ಡ ಚೀಲ ತನ್ನಿ, ಒಳ್ಳೆಯ ಕಾಫಿ ಪುಡಿಯೂ ಅಲ್ಲೇ ಎದುರಿಗೆ ಬೀಸಿ ಕೊಡುತ್ತಾರೆ.